ಹಿಮ್ಮಡಿ ಒಡಕಿಗೆ ರಾಳದ ಮುಲಾಮು

ಶಿರಸಿಯಲ್ಲಿ ಚಳಿ ಶುರುವಾಯಿತೆಂದರೆ ಹಿಮ್ಮಡಿ ಬಿರಿಯುತ್ತದೆ. ಗ್ರಂಥಿಗೆ ಅಂಗಡಿಯಿಂದ ರಾಳ ತಂದು ಮುಲಾಮು ಮಾಡುವವರು ನಮ್ಮ ಕಡೆ ಈಗಲೂ ಇದ್ದಾರೆ. ಆದರೆ ಎಷ್ಟೋ ಮನೆಗಳ ಡಬ್ಬಿಯಲ್ಲಿ ಕಾಣುವುದು ಬರೀ ಅಂಟಂಟು ಹಳದಿ ಎಣ್ಣೆ. ಕೆಡುವುದು, ಕಾಯಿಸಿದ ಎಣ್ಣೆಯನ್ನು ನೀರಿನಲ್ಲಿ ತಿಕ್ಕಿ ತೊಳೆಯುವಾಗ.

ಮೊದಲು ರಾಳ. ಆಯುರ್ವೇದದಲ್ಲಿ ಇದು ಸರ್ಜರಸ, ಉತ್ತರದ ಸಾಲ ಮರದ ಅಂಟು. ನಮ್ಮ ಘಟ್ಟದ ಧೂಪದ ಮರದ ಅಂಟನ್ನೂ ರಾಳ ಎಂದು ಬಳಸುವುದುಂಟು. ಹಾಲ್ಮಡ್ಡಿ, ಗುಗ್ಗುಳ ಬೇರೆ ಮರದವು, ಅವು ಬೇಡ. ಅಗ್ಗದ ಪುಡಿಯನ್ನಂತೂ ಮುಟ್ಟಲೇಬೇಡಿ. ಅದರಲ್ಲಿ ಪೈನ್ ಮರದ ರೋಸಿನ್ ಬೆರೆತಿರಬಹುದು, ಕೆಲವರ ಚರ್ಮಕ್ಕೆ ಅದು ತುರಿಕೆ ತರುತ್ತದೆ. ಗಟ್ಟಿ ತುಂಡನ್ನೇ ತಂದು ಮನೆಯಲ್ಲಿ ಕುಟ್ಟಿ ಜರಡಿ ಹಿಡಿಯಿರಿ.

25 ಗ್ರಾಂ ಪುಡಿಗೆ 100 ಮಿಲಿ ಎಣ್ಣೆ. ವೈದ್ಯರು ಎಳ್ಳೆಣ್ಣೆ ಎನ್ನುತ್ತಾರೆ, ನನ್ನ ಓಟು ಗಾಣದ ಕೊಬ್ಬರಿ ಎಣ್ಣೆಗೆ. ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಪುಡಿ ಉದುರಿಸಿ, ಕರಗಿದ ಕೂಡಲೇ ಇಳಿಸಿ. ಹೊಗೆ ಬರುವಷ್ಟು ಕಾಯಿಸಬೇಡಿ, ರಾಳ ಬೇಗ ಬೆಂಕಿ ಹಿಡಿಯುತ್ತದೆ.

ಇನ್ನು ತೊಳೆಯುವುದು. ಅಗಲ ಬೋಗುಣಿಯಲ್ಲಿ ತಣ್ಣೀರು ಇಟ್ಟುಕೊಳ್ಳಿ. ಎಣ್ಣೆ ಜಾಸ್ತಿ ಬಿಸಿ ಇದ್ದರೆ ಸಿಡಿಯುತ್ತದೆ, ಪೂರ್ತಿ ಆರಿದರೆ ಬಟ್ಟೆಯಲ್ಲೇ ಕೂರುತ್ತದೆ. ಪಾತ್ರೆಯ ಹೊರಮೈ ಮುಟ್ಟಲು ಬರುವ ಹೊತ್ತಿಗೆ ಬಟ್ಟೆಯಲ್ಲಿ ಸೋಸಿ ನೀರಿಗೆ ಬಿಡಿ. ಅಂಗೈಯನ್ನು ತಳಕ್ಕೆ ಒತ್ತಿ ತಿಕ್ಕುತ್ತಾ ಹೋಗಿ. ಮೊದಮೊದಲು ಎಣ್ಣೆ ಕೈಯಿಂದ ಜಾರಿ ಜಾರಿ ಹೋಗುತ್ತದೆ. ಏನೂ ಆಗ್ತಾ ಇಲ್ಲ ಎಂದು ಜನ ಕೈಬಿಡುವುದು ಇಲ್ಲೇ. ಬಿಡಬೇಡಿ. ನೀರು ಎಳೆದುಕೊಳ್ಳುತ್ತಾ ಅದು ಮಂದವಾಗುತ್ತದೆ, ಬಣ್ಣ ಬಿಳುಚುತ್ತದೆ. ಆಗ ನೀರು ಬಗ್ಗಿಸಿ, ಹೊಸ ನೀರು ಹಾಕಿ ಮತ್ತೆ ತಿಕ್ಕಿ. ನೂರು ಸಲ ತೊಳೆದ ತುಪ್ಪ, ಶತಧೌತ ಘೃತ ಅಂತ ಇದೆಯಲ್ಲ, ಅದೇ ಕ್ರಮ. ಇಲ್ಲಿ ಎಣಿಸುತ್ತಾ ಕೂರಬೇಕಿಲ್ಲ. ಬಗ್ಗಿಸಿದ ನೀರು ತಿಳಿಯಾಗಿರಬೇಕು, ಮುಲಾಮು ಆಗಷ್ಟೇ ಕಡೆದ ಬೆಣ್ಣೆಯಂತೆ ಬೆರಳ ತುದಿಯಲ್ಲಿ ನಿಲ್ಲಬೇಕು.

ಮಿಕ್ಸಿಗೆ ಹಾಕಿದರೆ ಆಗಲ್ವಾ ಎನ್ನುವವರಿದ್ದಾರೆ. ಬೆಳ್ಳಗೇನೋ ಆದೀತು, ಆಮೇಲೆ ಜಾರಿನ ಅಂಟು ಬಿಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ತಿಕ್ಕಲು ಬೇಜಾರೆಂದು ಮೇಣ ಹಾಕಿ ಗಟ್ಟಿ ಮಾಡುವುದೂ ಬೇಡ.

ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಕಾಲು ತೊಳೆದು, ಒರೆಸಿ, ಹಚ್ಚಿ, ಕಾಲುಚೀಲ ಹಾಕಿ ಮಲಗಿ. ಮೊದಲ ಸಲ ಮುಂಗೈಗೆ ಚೂರು ಹಚ್ಚಿ ಒಂದು ದಿನ ನೋಡಿ. ಒಡಕಿನಲ್ಲಿ ರಕ್ತ, ಕೀವು ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಮುಲಾಮು ಬದಿಗಿಟ್ಟು ಡಾಕ್ಟರಿಗೆ ತೋರಿಸಿ. ಇದರಲ್ಲಿ ನೀರಿನಂಶ ಇರುವುದರಿಂದ ಹೆಚ್ಚು ದಿನ ಬಾಳುವುದಿಲ್ಲ. ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ, ವಾಸನೆ ಬಂದರೆ ಎಸೆಯಿರಿ.