ಕೆಟ್ಟು ನಿಂತ ಲಾರಿಯನ್ನು ಎಳೆಯುವವರ ಸುರಕ್ಷತೆ

ತೋರಣಗಲ್ಲಿನ ಅದಿರು ಲಾರಿಯಿರಲಿ, ಸಿಂಧನೂರಿನ ಭತ್ತದ ಲಾರಿಯಿರಲಿ, ಹೆದ್ದಾರಿಯಲ್ಲಿ ಕೆಟ್ಟು ನಿಂತಾಗ ಟೋಯಿಂಗ್ ಸಿಬ್ಬಂದಿಗೆ ಮೊದಲ ಅಪಾಯ ಎದುರಾಗುವುದು ಹಿಂದಿನಿಂದ ಬರುವ ವಾಹನಗಳಿಂದ. ಹುಕ್ ಕೈಗೆತ್ತಿಕೊಳ್ಳುವ ಮುನ್ನ ಮಿನುಗುವ ಜಾಕೆಟ್ ತೊಟ್ಟು, ಎಳೆಯುವ ಗಾಡಿಯ ಮೇಲಿನ ದೀಪ ಹಚ್ಚಿ, ನೂರು ಮೀಟರಿನಷ್ಟು ಹಿಂದೆ ತ್ರಿಕೋನ ಫಲಕ ಇಡಬೇಕು. ನಮ್ಮಲ್ಲಿ ರೂಢಿಯಲ್ಲಿರುವ ಜಾಲಿಯ ಟೊಂಗೆ ರಾತ್ರಿ ಯಾರ ಕಣ್ಣಿಗೂ ಬೀಳುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಕರೆ ಮಾಡಿ ಗಸ್ತು ವಾಹನದ ನೆರವು ಕೇಳಬಹುದು.

ಏರ್ ಬ್ರೇಕಿನ ಗಾಳಿಯ ಒತ್ತಡ ಇಳಿದ ಲಾರಿಯ ಹಿಂದಿನ ಗಾಲಿಗಳನ್ನು ಬ್ರೇಕ್ ಚೇಂಬರಿನ (ಗಾಲಿಯ ಬಳಿ ಇರುವ ಬ್ರೇಕಿನ ಡಬ್ಬಿ) ಸ್ಪ್ರಿಂಗ್ ಬಿಗಿಹಿಡಿದಿರುತ್ತದೆ. ಬೋಲ್ಟ್ ತಿರುಗಿಸಿ ಅದನ್ನು ಸಡಿಲಿಸಿದರೆ ಗಾಡಿಯನ್ನು ತಡೆಯುವುದು ಏನೂ ಉಳಿಯದ ಕಾರಣ, ಮೊದಲು ಗಾಲಿಗಳಿಗೆ ಕಟ್ಟಿಗೆಯ ದಿಮ್ಮಿ ಅಥವಾ ಕಲ್ಲು ಕೊಡಬೇಕು; ಕೆಲಸ ಮುಗಿದ ಮೇಲೆ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗಿ ಬೈಕಿನವರನ್ನು ಕೆಡವುವುದೂ ಅಪರಾಧವೇ. ಚೇಂಬರಿನ ಕ್ಲ್ಯಾಂಪನ್ನು ರಸ್ತೆಬದಿಯಲ್ಲಿ ಬಿಚ್ಚಲೇಬಾರದು. ಒಳಗಿನ ಸ್ಪ್ರಿಂಗ್ ಸಿಡಿದರೆ ಪ್ರಾಣಕ್ಕೇ ಸಂಚಕಾರ.

ನನ್ನ ದೃಷ್ಟಿಯಲ್ಲಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗಿರುವುದು ವಿಂಚಿನ, ಅಂದರೆ ಹಗ್ಗವನ್ನು ಡ್ರಮ್ಮಿಗೆ ಸುತ್ತುತ್ತ ಗಾಡಿಯನ್ನು ಎಳೆಯುವ ಯಂತ್ರದ, ತಂತಿ ಹಗ್ಗ. ಮುರಿದ ಎಳೆಗಳು ಮುಳ್ಳಿನಂತೆ ಎದ್ದಿದ್ದರೆ, ಹಗ್ಗ ಒಂದೆಡೆ ಚಪ್ಪಟೆಯಾಗಿದ್ದರೆ ಅಥವಾ ಮಡಿಕೆ ಬಿದ್ದಿದ್ದರೆ ಅದನ್ನು ಬದಲಿಸಬೇಕೇ ಹೊರತು ಗಂಟು ಹಾಕಿ ಬಳಸಬಾರದು. ಹಗ್ಗ ಡ್ರಮ್ಮಿಗೆ ಸುತ್ತಿಕೊಳ್ಳುವಾಗ ಅಂಗೈಯಿಂದ ನೇರ ಮಾಡಲು ಹೋದವರ ಕೈಗವಸಿಗೆ ಎಳೆಯೊಂದು ಸಿಕ್ಕಿಕೊಂಡರೂ ಬೆರಳು ಡ್ರಮ್ಮಿನೊಳಗೆ ಹೋಗುತ್ತದೆ. ಬಿಗಿದ ಹಗ್ಗ ತುಂಡಾದರೆ ಅದರ ತುದಿ ಚಾಟಿಯಂತೆ ಹಿಂದಕ್ಕೆ ಬೀಸುವುದರಿಂದ, ಹಗ್ಗದ ಉದ್ದಕ್ಕಿಂತ ಹೆಚ್ಚು ದೂರದಲ್ಲಿ, ಅದರ ನೇರಕ್ಕೆ ಬಾರದಂತೆ ಎಲ್ಲರೂ ನಿಲ್ಲಬೇಕು. ಫೋಟೊ ತೆಗೆಯಲು ಸೇರುವ ಜನರನ್ನೂ ದೂರ ಕಳಿಸಬೇಕು. ವಿಂಚ್ ನಡೆಸುವವನಿಗೆ ಸನ್ನೆ ಮಾಡುವವನು ಒಬ್ಬನೇ ಇರಬೇಕು, ಆದರೆ ‘ನಿಲ್ಲಿಸು’ ಎಂದು ಯಾರು ಕೂಗಿದರೂ ನಿಲ್ಲಿಸಬೇಕು.

ಎತ್ತಿ ನಿಲ್ಲಿಸಿದ ಗಾಡಿಯ ಅಡಿಗೆ ಆಧಾರವಿಲ್ಲದೆ ಹೋಗಬಾರದು.

ಬೆರಳು ತುಂಡಾದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು 108ಕ್ಕೆ ಕರೆ ಮಾಡಬೇಕು. ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು, ಮಂಜುಗಡ್ಡೆ ನೇರವಾಗಿ ತಾಗಬಾರದು. ಕೆಲಸದ ವೇಳೆಯ ಗಾಯಕ್ಕೆ ಪರಿಹಾರ ಕೇಳುವ ಅರ್ಜಿಯನ್ನು ಸಾಮಾನ್ಯವಾಗಿ ಎರಡು ವರ್ಷಗಳೊಳಗೆ ಸಲ್ಲಿಸಬೇಕಾಗುತ್ತದೆ. ದಿನಗೂಲಿಯ ಹೆಲ್ಪರುಗಳ ಬಳಿ ನೇಮಕದ ಕಾಗದ ಇರುವುದೇ ಅಪರೂಪವಾದ್ದರಿಂದ, ಕೂಲಿ ಪಾವತಿಯಾದ ಫೋನ್‌ಪೇ ಸಂದೇಶ ಮತ್ತು ಮಾಲೀಕರು ಕೆಲಸಕ್ಕೆ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸದೆ ಉಳಿಸಿಕೊಳ್ಳಬೇಕು.