ಹತ್ತು ಕಿಲೋಮೀಟರ್ ಆಚೆಯ ಹಳ್ಳಿಗೆ ವೈಫೈ: ನಾವು ಲಿಂಕ್ ಹಾಕುವ ಬಗೆ

ತಮಿಳುನಾಡಿನ ತೇನಿಯಲ್ಲಿ ಅರವಿಂದ್ ಕಣ್ಣಿನ ಆಸ್ಪತ್ರೆ ಹಳ್ಳಿಯ ದೃಷ್ಟಿ ಕೇಂದ್ರಗಳನ್ನು ದೂರದ ವೈಫೈ ಮೂಲಕ ಜೋಡಿಸಿತು. ವೈದ್ಯರು ಇದ್ದಲ್ಲಿಂದಲೇ ವಿಡಿಯೊದಲ್ಲಿ ರೋಗಿಗಳನ್ನು ನೋಡಿದರು. ಕೇಬಲ್ ಹೋಗದ ಊರಿಗೆ ನಾವು ಹಾಕುವುದೂ ಅದೇ: ಎರಡು ತುದಿಗೆ 5.8 ಗಿಗಾಹರ್ಟ್ಸ್‌ನ ಒಂದೊಂದು ಡಿಶ್ ರೇಡಿಯೊ.

ಆಚೆ ತುದಿ ಕಣ್ಣಿಗೆ ಕಂಡರೆ ಸಾಲದು. ರೇಡಿಯೊ ಅಲೆ ನೇರ ಗೆರೆಯ ಸುತ್ತ ಹರಡಿಕೊಂಡು ಸಾಗುತ್ತದೆ, ಆ ಜಾಗಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. 10 ಕಿ.ಮೀ. ಲಿಂಕ್‌ನ ನಟ್ಟನಡುವೆ ಅದರ ತ್ರಿಜ್ಯ ಸುಮಾರು 11 ಮೀಟರ್. ಈ ತ್ರಿಜ್ಯದ ಶೇ 60, ಅಂದರೆ ಸುಮಾರು 7 ಮೀಟರ್, ನೇರ ಗೆರೆಯ ಕೆಳಗೆ ಖಾಲಿ ಇರಬೇಕು. ಭೂಮಿಯ ಉಬ್ಬಿಗೆ ಇನ್ನೂ ಒಂದೂವರೆ ಮೀಟರ್. ಎಲೆ ಉದುರಿದಾಗ ಸರ್ವೆ ಮಾಡಿದ ಲಿಂಕ್ ಮರ ಚಿಗುರಿದ ಮೇಲೆ ಕೈಕೊಡುತ್ತದೆ.

ಕಂಬ ಹತ್ತುವ ಮೊದಲೇ ಬರಬೇಕಾದ ಸಿಗ್ನಲ್ ಲೆಕ್ಕ ಹಾಕಿಟ್ಟುಕೊಳ್ಳಿ. ರೇಡಿಯೊ ಬಿಡುವ ಬಲ 23 ಡಿಬಿಎಂ, ಡಿಶ್ ಸೇರಿಸುವುದು ತಲಾ 25 ಡಿಬಿಐ, ದಾರಿಯ ನಷ್ಟ 128 ಡಿಬಿ (ಎಲ್ಲವೂ ಡೆಸಿಬೆಲ್ ಲೆಕ್ಕ, ಕೂಡಿ ಕಳೆದರಾಯಿತು): ಉಳಿಯುವುದು ಮೈನಸ್ 55 ಡಿಬಿಎಂ. (ನಿಮ್ಮಲ್ಲಿ ಎಷ್ಟು ಪವರ್‌ಗೆ ಅನುಮತಿಯಿದೆ ಎಂಬುದನ್ನು ನೋಡಿಕೊಂಡೇ ಹೊರಡಿ.) ಡಿಶ್ ತಿರುಗಿಸುತ್ತ ಮೈನಸ್ 73ರ ಆಸುಪಾಸಿನಲ್ಲೇ ಗರಿಷ್ಠ ಸಿಕ್ಕಿತೆಂದರೆ ಬಹುಮಟ್ಟಿಗೆ ಸೈಡ್ ಲೋಬ್ (ಡಿಶ್‌ನ ಮುಖ್ಯ ಕಿರಣದ ಪಕ್ಕದ ದುರ್ಬಲ ಕಿರಣ) ಹಿಡಿದಿದ್ದೀರಿ, ಬೋಲ್ಟ್ ಬಿಗಿಯಬೇಡಿ, ಇನ್ನೂ ಅಗಲವಾಗಿ ತಿರುಗಿಸಿ. ಒಂದು ತುದಿ ಕದಲುವಾಗ ಇನ್ನೊಂದನ್ನು ಯಾರೂ ಮುಟ್ಟಬಾರದು. ಲಿಂಕ್ ಎಷ್ಟು ದೂರದ್ದೆಂದು ರೇಡಿಯೊ ಸೆಟ್ಟಿಂಗ್‌ನಲ್ಲಿ ತುಂಬಲು ಮರೆತರೆ ಸಿಗ್ನಲ್ ಚೆನ್ನಾಗಿದ್ದೂ ವೇಗ ಬರುವುದಿಲ್ಲ: ಪ್ಯಾಕೆಟ್ ಸಿಕ್ಕಿತೆಂಬ ಉತ್ತರ ಆಚೆಯಿಂದ ತಲುಪುವಷ್ಟರಲ್ಲಿ ಕಾಯುವ ಸಮಯ ಮುಗಿದು ಅದೇ ಪ್ಯಾಕೆಟ್ ಮತ್ತೆ ಮತ್ತೆ ಹೋಗುತ್ತಿರುತ್ತದೆ.

ಇಷ್ಟಾದರೂ ಲಿಂಕ್ ಕೆಡುವುದು ಹೆಚ್ಚಾಗಿ ಕರೆಂಟಿನಿಂದ. ರೇಡಿಯೊ, ರೂಟರ್ ಸೇರಿ 10 ವ್ಯಾಟ್ ಎಂದರೆ ದಿನಕ್ಕೆ 240 ವ್ಯಾಟ್-ಅವರ್. ಎರಡು ದಿನ ಬಿಸಿಲಿಲ್ಲದಿದ್ದರೂ ನಡೆಯಬೇಕು, ಲೆಡ್ ಆಸಿಡ್ ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿಯಬಾರದು. ಹಾಗಾಗಿ 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿ, 150 ವ್ಯಾಟ್ ಪ್ಯಾನೆಲ್. ಇದರಲ್ಲಿ ಉಳಿತಾಯ ಮಾಡಲು ನಾನು ಒಪ್ಪುವುದಿಲ್ಲ. ವೋಲ್ಟೇಜ್ ನಿಧಾನವಾಗಿ ಕುಸಿದಾಗ ರೂಟರ್ ಪೂರ್ತಿ ಆಫ್ ಆಗದೆ ತಡವರಿಸುತ್ತ ಮತ್ತೆ ಮತ್ತೆ ಬೂಟ್ ಆಗುತ್ತದೆ, ಫ್ಲ್ಯಾಶ್ ಮೆಮೊರಿಗೆ ಬರೆಯುವುದು ಅರ್ಧದಲ್ಲೇ ನಿಲ್ಲುತ್ತದೆ. ಆಮೇಲೆ ಕರೆಂಟ್ ಬಂದರೂ ಏಳುವುದಿಲ್ಲ. ಬ್ಯಾಟರಿ ಇಳಿದಾಗ ಒಂದೇಟಿಗೆ ಕಡಿತ ಮಾಡುವ ಚಾರ್ಜ್ ಕಂಟ್ರೋಲರ್ ಹಾಕಿದರೆ ಈ ಕಾಟ ಬಹಳಷ್ಟು ತಪ್ಪುತ್ತದೆ.

ಕೇಬಲ್ ಹೊರಾಂಗಣದ್ದೇ ಇರಲಿ. ಪೆಟ್ಟಿಗೆಯೊಳಗೆ ಹೋಗುವ ಮುನ್ನ ಕೆಳಕ್ಕೆ ಬಾಗಿಸಿ ಬಿಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ. ಸೆಟ್ಟಿಂಗ್ ತುಂಬಿದ ಬದಲಿ ರೇಡಿಯೊ, ನೆಟ್‌ವರ್ಕ್ ಕೇಬಲ್‌ನಲ್ಲೇ ರೇಡಿಯೊಗೆ ಕರೆಂಟ್ ಕಳಿಸುವ ಒಂದು ಪಿಒಇ ಅಡಾಪ್ಟರ್ ಹಳ್ಳಿಯಲ್ಲೇ ಇರಬೇಕು. ಯಾವ ದೀಪ ಆರಿದರೆ ಏನನ್ನು ಬದಲಿಸಬೇಕೆಂದು ಅಲ್ಲಿನ ಇಬ್ಬರಿಗೆ ಅವರ ಕೈಯಿಂದಲೇ ಮಾಡಿಸಿ ಕಲಿಸುತ್ತೇವೆ. ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರಿರುತ್ತಾರೆ.