ವ್ಯಾಸಪೀಠದ ಮೇಲಿನ ರೇಡಿಯೋ

ಅಪ್ಪ ಒಂದು ವರ್ಷ ಚಳ್ಳಕೆರೆಯಲ್ಲಿ ಶೇಂಗಾ ಮಾರಿ ಬರುವಾಗ ಕಂಕುಳಲ್ಲಿ ಒಂದು ರೇಡಿಯೋ ಇಟ್ಟುಕೊಂಡು ಬಂದಿದ್ದರು. ಕಂದು ಬಣ್ಣದ ಚರ್ಮದ ಕವರು, ಮೂರು ದೊಡ್ಡ ಸೆಲ್ಲು, ಎರಡು ಬ್ಯಾಂಡು. ಬೆಳಿಗ್ಗೆ ಭದ್ರಾವತಿ, ರಾತ್ರಿ ಬೆಂಗಳೂರು. ಅಪ್ಪ ಹೋದ ಮೇಲೆ ಅದು ಅಟ್ಟ ಸೇರಿತು. 2022ರ ಜೂನ್‌ನಲ್ಲಿ ನಾನೇ ಅದನ್ನು ಇಳಿಸಿದೆ. ರಿಪೇರಿ ಮಾಡಲು ಮೂರು ತಿಂಗಳು ಹಿಡಿಯಿತು. ಕೈ ಪಳಗಿದವರಿಗೆ ಅದು ಎರಡು ದಿನದ ಕೆಲಸ. ನನಗೆ ಮೂರು ತಿಂಗಳು ಯಾಕಾಯಿತು, ಆದರೂ ಹೇಗೆ ಮುಗಿಯಿತು ಅನ್ನುವುದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ನನ್ನ ಹಾಗೆ ವಾಸಿಯಾಗದ ಕಾಯಿಲೆ ಇಟ್ಟುಕೊಂಡು, ಇಷ್ಟದ ಕೆಲಸವನ್ನು ಕೈಬಿಟ್ಟು ಕೂತವರು ಎಷ್ಟೋ ಜನ ಇದ್ದಾರೆ.

ನಾನು ಚಿತ್ರದುರ್ಗದಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತೇನೆ. ನನಗಿರುವುದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಹೆಸರು ಕೇಳಿದವರೆಲ್ಲ "ಓ, ಕತ್ತಿನ ಸವೆತ ಅಲ್ವಾ, ನಮ್ಮ ಮಾವನಿಗೂ ಇದೆ" ಅನ್ನುತ್ತಾರೆ. ಅದಲ್ಲ. ಸವೆತದ್ದು ಸ್ಪಾಂಡಿಲೋಸಿಸ್, ವಯಸ್ಸಾದಂತೆ ಬರುವುದು. ಇದು ಮೈಯ ರಕ್ಷಣೆಗೆ ಇರುವ ಶಕ್ತಿಯೇ ದಾರಿ ತಪ್ಪಿ ಬೆನ್ನುಮೂಳೆಯ ಕೀಲುಗಳಲ್ಲಿ, ಸೊಂಟದ ಬುಡದಲ್ಲಿ ಉರಿಯೂತ ಎಬ್ಬಿಸುವ ಕಾಯಿಲೆ. ಸಾಮಾನ್ಯವಾಗಿ ನಲವತ್ತೈದರ ಒಳಗೇ ಶುರುವಾಗುತ್ತದೆ. ನನಗೆ ಇಪ್ಪತ್ತಾರಕ್ಕೆ ಬಂತು. ನೋಡಿಕೊಳ್ಳದಿದ್ದರೆ ಕೆಲವರಿಗೆ ಬೆನ್ನಿನ ಮೂಳೆಗಳು ಒಂದಕ್ಕೊಂದು ಅಂಟಿ ಬಿದಿರಿನ ಗಳುವಿನ ಹಾಗೆ ಆಗಿಬಿಡುತ್ತವೆ.

ಇದರ ಗುಣ ವಿಚಿತ್ರ. ಬೇರೆ ಬೆನ್ನುನೋವು ಮಲಗಿದರೆ ಕಡಿಮೆಯಾಗುತ್ತದೆ. ಇದು ಮಲಗಿದರೆ ಜಾಸ್ತಿ. ರಾತ್ರಿ ಮೂರು ಗಂಟೆಗೆ ನೋವೇ ಎಬ್ಬಿಸುತ್ತದೆ. ಬೆಳಿಗ್ಗೆ ಒಂದು ಗಂಟೆ ಮೈ ಮರಗಟ್ಟಿರುತ್ತದೆ. ಓಡಾಡಿದರೆ ಸಡಿಲ. ಇದು ಗೊತ್ತಾಗಲು ನನಗೆ ಎಂಟು ವರ್ಷ ಬೇಕಾಯಿತು. ಆ ಎಂಟು ವರ್ಷವೂ "ಡಿಸ್ಕ್ ತೊಂದರೆ, ಬೆಲ್ಟ್ ಹಾಕಿ, ರೆಸ್ಟ್ ಮಾಡಿ" ಅಂತಲೇ ಹೇಳಿಸಿಕೊಂಡೆ. ರೆಸ್ಟ್ ಮಾಡಿದಷ್ಟೂ ಬಿಗಿಯಾದೆ. ಕೊನೆಗೆ ಕೀಲುವಾತದ ತಜ್ಞರೊಬ್ಬರು ಸೊಂಟದ ಎಂಆರ್‌ಐ ನೋಡಿ ಹೆಸರು ಹೇಳಿದರು. ಆ ಎಂಟು ವರ್ಷದ ಬಗ್ಗೆ ನನಗೆ ಇವತ್ತಿಗೂ ಸಂಕಟವಿದೆ. ನಿಮಗೂ ಬೆಳಗಿನ ಬಿಗಿತ, ನಡೆದರೆ ಆರಾಮ ಅನ್ನುವ ಲಕ್ಷಣ ಇದ್ದರೆ ಬೆಲ್ಟಿಗೇ ನಿಲ್ಲಬೇಡಿ, ಕೀಲುವಾತದ ತಜ್ಞರನ್ನು ಒಮ್ಮೆ ನೋಡಿ.

ಸರಿ, ರೇಡಿಯೋ ವಿಷಯಕ್ಕೆ ಬರುತ್ತೇನೆ. ಕಾಲೇಜು ದಿನಗಳಲ್ಲಿ ನನಗೆ ಬೆಸುಗೆಯ ಹುಚ್ಚಿತ್ತು. ಕಾಯಿಲೆ ಬಂದ ಮೇಲೆ ಬಿಟ್ಟೆ. ರೇಡಿಯೋ ಕೆಲಸ ಅಂದರೆ ಬಗ್ಗಿ ಕೂರುವುದು, ಕತ್ತು ಕೆಳಗೆ ಹಾಕಿ ಗಂಟೆಗಟ್ಟಲೆ ಅಲುಗದೆ ಇರುವುದು. ಫಿಸಿಯೋ ಮೇಡಂ ಬೇಡ ಅಂದದ್ದೂ ಅದನ್ನೇ. ಹಾಗಾಗಿ ನಾನು ಮೊದಲು ರಿಪೇರಿ ಮಾಡಬೇಕಾಗಿದ್ದು ರೇಡಿಯೋವನ್ನಲ್ಲ, ಟೇಬಲ್ಲನ್ನು.

ನಾಲ್ಕು ಕಾಲಿಗೂ ಸಿಮೆಂಟ್ ಇಟ್ಟಿಗೆ ಕೊಟ್ಟೆ. ನಿಂತಾಗ ನನ್ನ ಮೊಣಕೈ ಮಟ್ಟಕ್ಕೆ ಹಲಗೆ ಬಂತು. ಆದರೂ ಕತ್ತು ಬಗ್ಗುವುದು ತಪ್ಪಲಿಲ್ಲ. ಮಟ್ಟಸವಾಗಿ ಇಟ್ಟ ವಸ್ತುವನ್ನು ನೋಡಲು ಯಾರೇ ಆದರೂ ಬಗ್ಗಲೇಬೇಕು. ಏನಾದರೂ ಇಳಿಜಾರಿನದ್ದು ಬೇಕು ಅಂತ ಮನೆಯೆಲ್ಲ ಹುಡುಕಿದೆ. ಅವ್ವ ಶ್ರಾವಣದಲ್ಲಿ ಪುರಾಣ ಓದುವ ವ್ಯಾಸಪೀಠ ಕಣ್ಣಿಗೆ ಬಿತ್ತು. ಕೇಳಲು ಹಿಂಜರಿಕೆಯಾಯಿತು. ಅವ್ವ ಸ್ವಲ್ಪ ಹೊತ್ತು ಸುಮ್ನೆ ನೋಡಿ, "ನಿಮ್ಮಪ್ಪನ ರೇಡಿಯೋನೇ ಅಲ್ವಾ, ಇಟ್ಕೋ. ಶ್ರಾವಣಕ್ಕೆ ಮಾತ್ರ ನನಗೆ ಕೊಡು" ಅಂದರು. ಮೇಲೆ ಒಂದು ದಪ್ಪ ಟವೆಲ್ಲು ಹಾಸಿ, ಅದರ ಮೇಲೆ ರೇಡಿಯೋದ ಬೋರ್ಡು ಒರಗಿಸಿದೆ. ಪುಸ್ತಕದ ಪುಟದ ಹಾಗೆ ಅದು ನನ್ನ ಮುಖಕ್ಕೆ ನೇರವಾಗಿ ನಿಂತಿತು. ಬೆಸುಗೆ ಹಾಕುವಾಗ ಬೋರ್ಡು ಜಾರದ ಹಾಗೆ ಎರಡು ಬಟ್ಟೆ ಕ್ಲಿಪ್ಪು. ಇಷ್ಟೇ. ಇವತ್ತಿಗೂ ನನ್ನ ಕೆಲಸದ ಜಾಗದಲ್ಲಿ ಇದಕ್ಕಿಂತ ಉಪಯೋಗದ ಸಾಮಾನು ಇನ್ನೊಂದಿಲ್ಲ. ಆಮೇಲೆ ಬಡಗಿಯಿಂದ ನನ್ನದೇ ಒಂದು ವ್ಯಾಸಪೀಠ ಮಾಡಿಸಿಕೊಂಡೆ. ಅವ್ವನದು ಅವ್ವನಿಗೆ ಹೋಯಿತು.

ಮೊದಲ ಎರಡು ವಾರ ಚೆನ್ನಾಗಿ ನಡೆಯಿತು. ಹಳೇ ಸೆಲ್ಲು ಸೋರಿ ಡಬ್ಬಿಯ ಸ್ಪ್ರಿಂಗೆಲ್ಲ ಹಸಿರುಗಟ್ಟಿತ್ತು. ಆ ಕಾಲದ ಸೆಲ್ಲಿನಿಂದ ಸೋರುವುದು ಆಮ್ಲ. ಅಡುಗೆ ಸೋಡಾ ನೀರಿಗೆ ಕಲಸಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದೆ, ಸ್ಪಿರಿಟ್ಟಿನಿಂದ ಒರೆಸಿದೆ. ವಿದ್ಯುತ್ ಹಿಡಿದಿಡುವ ಪುಟ್ಟ ಬಿಡಿಭಾಗಗಳಾದ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳು ಒಣಗಿ ಹೋಗಿದ್ದವು, ಅವುಗಳಲ್ಲಿ ಕೆಲವನ್ನು ಬದಲಿಸಿದೆ. ದಿನಕ್ಕೆ ಅರ್ಧ ಗಂಟೆ, ಅಷ್ಟೇ.

ಆಮೇಲೆ ಜುಲೈನಲ್ಲಿ ಒಂದು ಭಾನುವಾರ ಬಂತು. ಆಷಾಢದ ಗಾಳಿ ಜೋಗಿಮಟ್ಟಿ ಕಡೆಯಿಂದ ಬೀಸುತ್ತಿತ್ತು. ಬೆಳಿಗ್ಗೆ ಎದ್ದರೆ ಮೈ ಹಗುರ. ವರ್ಷಕ್ಕೆ ಐದಾರು ಸಲ ಅಂಥ ಬೆಳಗು ಸಿಗುತ್ತದೆ. ಕಾಯಿಲೆ ಇದೆ ಅನ್ನುವುದೇ ಮರೆತುಹೋಗುತ್ತದೆ. ಇವತ್ತು ಮುಗಿಸಿಬಿಡೋಣ ಅನ್ನಿಸಿತು. ಡಯಲ್ ದಾರ ಕಟ್ಟಲು ಕೂತೆ. ಮುಳ್ಳು ಓಡಾಡಿಸುವ ಆ ದಾರ ರಾಟೆಗಳ ಮೇಲೆ ಸುತ್ತಿ ಸ್ಪ್ರಿಂಗಿಗೆ ಸಿಕ್ಕಬೇಕು, ಕೊನೆಯ ಗಂಟಿನಲ್ಲಿ ಪ್ರತಿ ಸಲ ಕಿತ್ತು ಬರುತ್ತದೆ. ನಿಂತು ಮಾಡಲಾಗದೆ ನೆಲದ ಮೇಲೆ ಕೂತು, ಬಗ್ಗಿ, ಊಟವನ್ನೂ ಮುಂದಕ್ಕೆ ಹಾಕಿ ಆರು ಗಂಟೆ ಮಾಡಿದೆ. ಸಂಜೆಗೆ ದಾರ ಕೂತಿತು. ಆ ಖುಷಿಯಲ್ಲಿ, ದಣಿದ ಕೈಯಲ್ಲೇ, ಸ್ಟೇಷನ್‌ಗೆ ಶ್ರುತಿ ಮಾಡುವ ತಂತಿಸುರುಳಿ, ಅಂದರೆ ಒಂದು ಕಾಯಿಲಿನ ತಿರುಪನ್ನು ಕಬ್ಬಿಣದ ಸ್ಕ್ರೂಡ್ರೈವರ್‌ನಿಂದ ತಿರುಗಿಸಿದೆ. ಅದು ಕಟ್ ಅಂತ ಒಡೆಯಿತು.

ಮರುದಿನ ಹಾಸಿಗೆಯಿಂದ ಏಳಲು ನನ್ನ ಹೆಂಡತಿ ಹಿಡಿದುಕೊಳ್ಳಬೇಕಾಯಿತು. ಮೂರು ದಿನ ಶಾಲೆಗೆ ರಜೆ. ಹತ್ತನೇ ತರಗತಿಗೆ ಟೆಸ್ಟ್ ಇತ್ತು, ಅದೂ ತಪ್ಪಿತು. ಅವಳು ಬೈಯಲಿಲ್ಲ. "ನೋವಿರೋ ದಿನ ನೀವು ಹುಷಾರಾಗೇ ಇರ್ತೀರಿ ರೀ. ಚೆನ್ನಾಗಿರೋ ದಿನವೇ ನನಗೆ ಹೆದರಿಕೆ" ಅಂದಳು.

ಆ ಮಾತು ನನ್ನ ಕಣ್ಣು ತೆರೆಸಿತು. ಅಲ್ಲಿಯವರೆಗೂ ನಾನು ನೋವಿನ ದಿನಗಳಿಗೆ ನಿಯಮ ಮಾಡಿಕೊಂಡಿದ್ದೆ. ಒಳ್ಳೆಯ ದಿನಗಳಿಗೆ ನಿಯಮವೇ ಇರಲಿಲ್ಲ. ಇದ್ದದ್ದನ್ನೆಲ್ಲ ಒಂದೇ ದಿನ ಖರ್ಚು ಮಾಡಿ ಮುಂದಿನ ಮೂರು ದಿನ ಸಾಲದಲ್ಲಿ ಬೀಳುತ್ತಿದ್ದೆ. ಅವತ್ತಿನಿಂದ ಮೈ ಎಷ್ಟೇ ಹಗುರವಿರಲಿ, ದಿನಕ್ಕೆ ಇಪ್ಪತ್ತೈದು ನಿಮಿಷದ ಎರಡೇ ಸರದಿ. ಮೊಬೈಲ್ ಅಲಾರಂ ಹೊಡೆದರೆ ಕೈಯಲ್ಲಿರುವುದನ್ನು ಇಟ್ಟು ಮೇಲಿನ ನೀರಿನ ಟ್ಯಾಂಕಿನವರೆಗೆ ಹತ್ತಿ ಇಳಿಯಬೇಕು. ಬೇರೆ ಕಾಯಿಲೆಯವರಿಗೆ ನಡುವೆ ವಿಶ್ರಾಂತಿ ಬೇಕಾಗಬಹುದು, ನನಗೆ ಬೇಕಾದದ್ದು ಓಡಾಟ. ನಿಮ್ಮ ಕಾಯಿಲೆಯ ಗುಣವನ್ನು ವೈದ್ಯರ ಹತ್ತಿರ ಕೇಳಿ ತಿಳಿದುಕೊಂಡೇ ಇದನ್ನು ಹೊಂದಿಸಿಕೊಳ್ಳಿ.

ನಿಲ್ಲಿಸುವುದು ಮನಸ್ಸಿಗೆ ಕಷ್ಟ. ಬಿಟ್ಟು ಹೋದರೆ ನಾಳೆ ಎಲ್ಲಿಂದ ಶುರು ಅಂತ ಮರೆಯುತ್ತದೆ ಅನ್ನುವ ಭಯ. ಅದಕ್ಕೆ ಚೀಟಿ ಶುರು ಮಾಡಿದೆ. ಅಲಾರಂ ಹೊಡೆದ ಕೂಡಲೇ ಒಂದು ಸಾಲು ಬರೆದು ಟೇಬಲ್ಲಿಗೆ ಅಂಟಿಸುವುದು. "ಎಡಗಡೆ ಎರಡನೇ ಕಂಡೆನ್ಸರ್ ತೆಗೆದಿದೆ, ಹೊಸದು ಹಾಕಿಲ್ಲ." ಜೊತೆಗೆ ಮೊಬೈಲಲ್ಲಿ ಒಂದು ಫೋಟೋ. ತಿರುಪುಗಳು ಮೊಟ್ಟೆ ಟ್ರೇಯಲ್ಲಿ, ಬಿಚ್ಚಿದ ಕ್ರಮದಲ್ಲಿ. ಹೀಗಿದ್ದರೆ ನಾಲ್ಕು ದಿನ ಹಾಸಿಗೆ ಹಿಡಿದರೂ ಐದನೇ ದಿನ ಬಂದು ಅಲ್ಲಿಂದಲೇ ಹಿಡಿಯಬಹುದು. ಚೀಟಿ ಬಂದ ಮೇಲೆ ನನಗೆ ನಿಲ್ಲಿಸುವ ಸಂಕಟ ಮುಕ್ಕಾಲು ಪಾಲು ಹೋಯಿತು.

ಕೆಲಸವನ್ನೂ ಮೂರು ಪಾಲು ಮಾಡಿದೆ. ನಿಂತು ಮಾಡುವುದು, ಕೂತು ಮಾಡುವುದು, ಮಲಗಿ ಮಾಡುವುದು. ಬೆಸುಗೆ ನಿಂತು. ವೈರ್ ಸುಲಿಯುವುದು, ತಿರುಪು ತೊಳೆಯುವುದು ಕೂತು. ಮಲಗಿ ಮಾಡುವುದೂ ಇದೆ. ಬೆನ್ನು ಮುಂದಕ್ಕೆ ಬಾಗದಿರಲಿ ಅಂತ ದಿನಕ್ಕೆ ಕಾಲು ಗಂಟೆ ಬೋರಲು ಮಲಗಲು ಫಿಸಿಯೋ ಮೇಡಂ ಹೇಳಿದ್ದಾರೆ. ಆ ಹೊತ್ತಿನಲ್ಲಿ ಮುಂದೆ ಸರ್ಕಿಟ್ ನಕ್ಷೆ ಇಟ್ಟುಕೊಂಡು ಓದುತ್ತೇನೆ. ಮೊದಲು ಬೇಸರದ ಶಿಕ್ಷೆಯಾಗಿದ್ದ ಕಾಲು ಗಂಟೆ ಈಗ ನಾನು ಕಾಯುವ ಹೊತ್ತಾಗಿದೆ. ಎಂಥ ಕೆಟ್ಟ ದಿನವಾದರೂ ಮೂರರಲ್ಲಿ ಒಂದು ಆಗುತ್ತದೆ. "ಇವತ್ತು ಏನೂ ಮಾಡಲಿಲ್ಲ" ಅನ್ನುವ ಕೊರಗು ನೋವಿಗಿಂತ ಹೆಚ್ಚು ತಿನ್ನುತ್ತದೆ, ಅನುಭವಿಸಿದವರಿಗೆ ಗೊತ್ತು.

ಒಡೆದ ಕಾಯಿಲಿಗೆ ಲಕ್ಷ್ಮಿ ಬಜಾರ್ ಹತ್ತಿರ ಒಬ್ಬ ಹಳೇ ರಿಪೇರಿ ಅಜ್ಜನನ್ನು ಹುಡುಕಿಕೊಂಡು ಹೋದೆ. ಅವರು ಗುಜರಿ ಬೋರ್ಡೊಂದನ್ನು ಕೊಟ್ಟು, "ಮೇಷ್ಟ್ರೇ, ಇದಕ್ಕೆ ಕಬ್ಬಿಣ ತೋರಿಸಬೇಡಿ" ಅಂದರು. ಒಳಗಿನ ತಿರುಪು ಫೆರೈಟ್ ಅನ್ನುವ ಕಾಂತೀಯ ಪಿಂಗಾಣಿಯದು, ಬಳಪದ ಹಾಗೆ ಪಟ್ಟನೆ ಮುರಿಯುತ್ತದೆ. ಕಬ್ಬಿಣ ಹತ್ತಿರ ಬಂದರೆ ಶ್ರುತಿಯೂ ಬದಲಾಗುತ್ತದೆ. ಪ್ಲಾಸ್ಟಿಕ್ ಬಾಚಣಿಗೆಯ ಹಿಡಿ ಮುರಿದು, ತುದಿಯನ್ನು ನೆಲಕ್ಕೆ ಉಜ್ಜಿ ಚಪ್ಪಟೆ ಮಾಡಿ ಅವರೇ ಒಂದು ಕಡ್ಡಿ ಮಾಡಿಕೊಟ್ಟರು.

ಆಗಸ್ಟಿನಲ್ಲಿ ಬಲಗಣ್ಣು ಕೆಂಪಾಯಿತು. ಮದ್ರಾಸ್ ಐ ಇರಬೇಕು ಅಂದುಕೊಂಡೆ. ಆದರೆ ಪಿಸುರು ಇರಲಿಲ್ಲ. ಒಳಗಿನಿಂದ ನೋವು, ಬೆಳಕು ನೋಡಿದರೆ ಚುಚ್ಚಿದ ಹಾಗೆ. ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಯೂವಿಯೈಟಿಸ್, ಕಣ್ಣಿನೊಳಗಿನ ಉರಿಯೂತ. ನನ್ನ ಕಾಯಿಲೆ ಇರುವವರಿಗೆ ಇದು ಬರುವುದುಂಟು, ತಡ ಮಾಡಿದರೆ ದೃಷ್ಟಿಗೇ ಅಪಾಯ. ಇದೊಂದನ್ನು ಮಾತ್ರ ದಯವಿಟ್ಟು ನೆನಪಿಡಿ. ಬೆನ್ನಿನ ಈ ಕಾಯಿಲೆ ಇದ್ದು ಕಣ್ಣು ಕೆಂಪಾಗಿ ನೋವು ಬಂದರೆ ಅಂಗಡಿಯಿಂದ ಡ್ರಾಪ್ಸ್ ತಂದು ಹಾಕಿಕೊಂಡು ಕಾಯಬೇಡಿ.

ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿದ್ದರು. ಹತ್ತಿರದ್ದೆಲ್ಲ ಮಸುಕು. ಬೆಸುಗೆ ಹಾಕುವ ಮಾತೇ ಇಲ್ಲ. ಕಿಟಕಿಗೆ ಪರದೆ ಎಳೆದ ಕೋಣೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದೆ. ಆಗ ನೆನಪಾಯಿತು. ರೇಡಿಯೋದಲ್ಲಿ ಉಳಿದಿದ್ದ ಕೆಲಸ ಒಂದೇ, ಶ್ರುತಿ ಮಾಡುವುದು. ಅದು ಕಣ್ಣಿನ ಕೆಲಸವಲ್ಲ, ಕಿವಿಯದು.

ಸೆಲ್ ಹಾಕಿದರೆ ಬರೀ ಗೊರಗೊರ. ಅದರ ಹಿಂದೆ ಎಲ್ಲೋ ಒಂದು ದನಿ. ಡಯಲಿನ ಕೆಳಗಿನ ತುದಿಗೆ ಬೆಂಗಳೂರಿನ 612 ಕಿಲೋಹರ್ಟ್ಸ್ ಒಳ್ಳೆಯ ಗುರುತು. ಮಗಳನ್ನು ಕರೆದು ಮುಳ್ಳನ್ನು ಆ ಜಾಗಕ್ಕೆ ತರಿಸಿದೆ. ಕೆಂಪು ಕಾಯಿಲ್ ಯಾವುದು, ಹಳದಿ ಯಾವುದು ಅಂತಲೂ ಅವಳೇ ಬೆರಳಿಟ್ಟು ತೋರಿಸಿದಳು. ಬಾಚಣಿಗೆ ಕಡ್ಡಿಯಿಂದ ಕೆಂಪು ಕಾಯಿಲನ್ನು ಕೂದಲೆಳೆಯಷ್ಟು ತಿರುಗಿಸುವುದು, ಕೇಳುವುದು. ಆಮೇಲೆ ಹಳದಿ, ಬಿಳಿ, ಕಪ್ಪು. ಇಲ್ಲೊಂದು ಗುಟ್ಟಿದೆ. ಸ್ಟೇಷನ್ ಜೋರಾಗಿ ಬರುತ್ತಿದ್ದರೆ ಕಿವಿಗೆ ವ್ಯತ್ಯಾಸ ಸಿಗುವುದಿಲ್ಲ, ರೇಡಿಯೋ ಒಳಗೇ ಅದನ್ನು ಸರಿದೂಗಿಸಿಬಿಡುತ್ತದೆ. ಹಾಗಾಗಿ ರೇಡಿಯೋವನ್ನೇ ನಿಧಾನಕ್ಕೆ ತಿರುಗಿಸಬೇಕು. ಒಳಗೆ ಅಲೆ ಹಿಡಿಯುವ ಫೆರೈಟ್ ಕಡ್ಡಿಯ ತುದಿ ಸ್ಟೇಷನ್ ಕಡೆಗೆ ಬಂದಾಗ ದನಿ ಕ್ಷೀಣಿಸುತ್ತದೆ. ಆ ಕ್ಷೀಣ ದನಿಯಲ್ಲಿ ಬಾಚಣಿಗೆ ಕಡ್ಡಿ ಆಡಿಸಿದರೆ ಎಲ್ಲಿ ಏರಿತು, ಎಲ್ಲಿ ಇಳಿಯಿತು ಸ್ಪಷ್ಟವಾಗಿ ಗೊತ್ತಾಗುತ್ತದೆ. ಕಣ್ಣು ಚೆನ್ನಾಗಿದ್ದರೆ ನಾನು ಇಷ್ಟು ಗಮನ ಕೊಟ್ಟು ಕೇಳುತ್ತಿರಲಿಲ್ಲವೇನೋ. ದಿನಕ್ಕೆ ಇಪ್ಪತ್ತೈದು ನಿಮಿಷದಂತೆ ಎಂಟು ದಿನ. ಒಂಬತ್ತನೇ ದಿನ ಗೊರಗೊರದ ಒಳಗಿಂದ ಒಂದು ವೀಣೆ ಎದ್ದು ಬಂತು. ಅವ್ವ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಬಾಗಿಲಲ್ಲೇ ನಿಂತರು. ಏನೂ ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟು, ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಊರಲ್ಲೆಲ್ಲ ಅದೇ ಮಾತು. ಎಲ್ಲರ ಮೊಬೈಲಲ್ಲೂ ವಿಡಿಯೋ ಓಡಾಡುತ್ತಿತ್ತು. ನಾವು ಮಾತ್ರ ಸುದ್ದಿಯ ಹೊತ್ತಿಗೆ ಅಪ್ಪನ ರೇಡಿಯೋ ಸುತ್ತ ಕೂತೆವು.

ನನ್ನ ಕಾಯಿಲೆ ಇದರಿಂದ ಕಡಿಮೆಯಾಯಿತು ಅಂತ ನಾನು ಹೇಳುವುದಿಲ್ಲ. ಔಷಧಿ ನಡೆದಿದೆ. ವ್ಯಾಯಾಮ ನಡೆದಿದೆ. ರಜೆಯ ಬೆಳಿಗ್ಗೆ ಕೋಟೆ ಹತ್ತಿ ಏಕನಾಥೇಶ್ವರಿ ಗುಡಿವರೆಗೆ ಹೋಗಿ ಬರುತ್ತೇನೆ. ತಿಂಗಳಿಗೊಮ್ಮೆ ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ ನಿಲ್ಲುತ್ತೇನೆ. ತಲೆಗೂ ಗೋಡೆಗೂ ನಡುವಿನ ಜಾಗವನ್ನು ಹೆಂಡತಿ ಸ್ಕೇಲ್ ಇಟ್ಟು ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಮೂರು ಸೆಂಟಿಮೀಟರ್. ಎರಡು ವರ್ಷದಿಂದ ಅಷ್ಟೇ ಇದೆ. ಅದು ಹೆಚ್ಚಾಗದಿರುವುದೇ ನಮಗೆ ದೊಡ್ಡ ಸಮಾಧಾನ.

ಈಗ ವ್ಯಾಸಪೀಠದ ಮೇಲೆ ಕೆಳಗೋಟೆಯಿಂದ ಬಂದ ಸಹೋದ್ಯೋಗಿಯೊಬ್ಬರ ರೇಡಿಯೋ ಇದೆ. ಅವರ ತಂದೆಯದಂತೆ. ಯಾವಾಗ ಆಗುತ್ತದೆ ಅಂತ ಕೇಳಿದರು. ದೀಪಾವಳಿಗೆ ಅಂದಿದ್ದೇನೆ, ಯಾವ ವರ್ಷದ್ದು ಅಂತ ಅವರು ಒತ್ತಾಯಿಸಲಿಲ್ಲ, ನನ್ನ ಬೆನ್ನಿನ ವಿಷಯ ಅವರಿಗೆ ಗೊತ್ತು. ಇವತ್ತಿನ ಎರಡು ಸರದಿ ಮುಗಿಯಿತು. ಚೀಟಿ ಅಂಟಿಸಿದ್ದೇನೆ: "ವಾಲ್ಯೂಮ್ ಕಂಟ್ರೋಲ್ ಕ್ಲೀನ್ ಆಗಿದೆ. ಸ್ಪೀಕರಿನ ಕೆಂಪು ವೈರ್ ಬಿಟ್ಟಿದೆ. ಮೊದಲು ಅದು."